ಕೆಂಚಜ್ಜನ ಎಡಗೈ

ಕೆಂಚಜ್ಜ ಮೊದಲು ಕಟ್ಟುತ್ತಿದ್ದುದು ನೋವಿಲ್ಲದ ಕೈಯನ್ನು. ಪೆರಿಕಲ್ಲೂರಿನ ಅವನ ಜಗಲಿಯಲ್ಲೊಂದು ಕಂಬ, ಕಂಬಕ್ಕೆ ಎಮ್ಮೆ ಕಟ್ಟುವ ಹಗ್ಗ. ಮುರಿದ, ಉಳುಕಿದ ಕೈ ಹಿಡಿದು ಬಂದವರ ಒಳ್ಳೆಯ ಕೈಯನ್ನು ಅದಕ್ಕೆ ಬಿಗಿದು, "ಹಾಳು ಮಾಡೋದು ಈ ಒಳ್ಳೇ ಕೈನೇ. ಸುಮ್ನಿರಲ್ಲ, ನೋವಿರೋ ಕಡೆಗೇ ಓಡತ್ತೆ" ಎನ್ನುತ್ತಿದ್ದ. ಆಮೇಲೆ ಪಕ್ಕೆಗೆ ಕಾಲು ಕೊಟ್ಟು ಎಳೆಯುತ್ತಿದ್ದ. ಕಿರುಚಿದವರಿಗೆ ಕೆನ್ನೆಗೊಂದು. ಅವನನ್ನು ಕಚ್ಚಿದ ಲೋಡಿಂಗ್ ಕೆಲಸದವನೊಬ್ಬನಿಗೆ ಎರಡು ಹಲ್ಲು ಹೋದವು. ಭುಜ ಮಾತ್ರ ಸರಿಯಾಗಿ ಕೂತಿತು.

ನನ್ನ ಹತ್ತನೇ ವಯಸ್ಸಿನಲ್ಲಿ ನನ್ನ ಮೊಣಕೈಯನ್ನೂ ಹಾಗೇ ಕೂರಿಸಿದ್ದ. ಎಲುಬಿನ ಆ ಸದ್ದು ಈಗಲೂ ಕಿವಿಯಲ್ಲಿದೆ. ಅದೇ ಕೈ ಇಟ್ಟುಕೊಂಡು ನಾನಿಂದು ಕಲ್ಪೆಟ್ಟದಲ್ಲಿ ಸ್ಕ್ಯಾನ್ ಡಾಕ್ಟರು. ಆ ಹಟಮಾರಿ ಮುದುಕನೆಂದರೆ ನನಗೆ ಪ್ರಾಣ. ಜಗಳವೂ ಅಷ್ಟೇ. ಊದಿದ ಕೈಗಳನ್ನು ಉಜ್ಜಬೇಡ, ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಆಳೇ ಸಾಯುತ್ತಾನೆ ಎಂದು ಒಮ್ಮೆ ಹೇಳಿದ್ದಕ್ಕೆ, ಬಿಸಿ ಎಣ್ಣೆಯ ಬಟ್ಟಲನ್ನೇ ನನ್ನತ್ತ ಎಸೆದ.

"ನೀನು ಟಿವಿ ನೋಡಿ ಹೇಳ್ತೀಯ. ನಾನು ಬೆರಳಲ್ಲಿ ನೋಡ್ತೀನಿ."

ನನ್ನ ಹಿಂದಿದ್ದ ಗೋಡೆಯ ಮೇಲೆ ಆ ಕಲೆ ಇನ್ನೂ ಇದೆ.

ಹೋದ ವರ್ಷ ದಡಿಯನೊಬ್ಬನ ಭುಜ ಎಳೆದ ಎರಡೇ ದಿನಕ್ಕೆ ಅಜ್ಜನ ಬಲಗೈ ಊದಿ ನೀಲಿಗಟ್ಟಿತು. ಬೈಯುತ್ತಲೇ ನನ್ನ ಆಸ್ಪತ್ರೆಗೆ ಬಂದ. ತೋಳಿಗೆ ಜೆಲ್ ಹಚ್ಚಿ ಸ್ಕ್ಯಾನಿನ ಪ್ರೋಬ್ ಒತ್ತಿದೆ. ಒಳ್ಳೆಯ ರಕ್ತನಾಳವಾದರೆ ಒತ್ತಿದಾಗ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಅವನದು ಮುಚ್ಚಲಿಲ್ಲ.

"ಒತ್ತು ಮಗಳೇ, ಅನ್ನ ತಿಂದಿಲ್ವ?"

ಇನ್ನೊಂದು ಕಡೆ ಒತ್ತಿದೆ. ಅಲ್ಲೂ ಗುಂಡಗೇ ನಿಂತಿತ್ತು.

"ರಕ್ತ ಹೆಪ್ಪುಗಟ್ಟಿದೆ ಅಜ್ಜ. ಈಗ್ಲೇ ಅಡ್ಮಿಟ್ ಆಗ್ಬೇಕು. ಆ ಕೈ ಮುಟ್ಬೇಡ. ಉಜ್ಜಿದ್ರೆ ಸಾಯ್ತೀಯ."

"ಉಜ್ಜಿ ಸತ್ತೋರನ್ನ ನಾನು ನೋಡಿಲ್ಲ" ಅಂದ. ಆದರೂ ತಲೆಯಾಡಿಸಿದ.

ಹೊರಗಿನ ಬೆಂಚಿನ ಮೇಲೆ ಕೂರಿಸಿ, ಹಾಸಿಗೆ ಗೊತ್ತುಮಾಡಲು ಹೋದೆ. ಹತ್ತು ನಿಮಿಷ ಆಗಿರಬಹುದು. ಮರಳಿ ಬಂದಾಗ ಬೆಂಚಿನ ಕೆಳಗೆ ಬಿದ್ದಿದ್ದ. ಬಾಯಲ್ಲಿ ರಕ್ತದ ನೊರೆ. ಬಲಗೈ ಮೊಣಕೈಯಿಂದ ಭುಜದವರೆಗೂ ಎಣ್ಣೆಯಲ್ಲಿ ಹೊಳೆಯುತ್ತಿತ್ತು, ಸೊಂಟದಲ್ಲಿ ಸಿಕ್ಕಿಸಿ ತಂದಿದ್ದ ಎಣ್ಣೆ ಸೀಸೆ ಪಕ್ಕದಲ್ಲೇ ಉರುಳಿತ್ತು. ಎಡಗೈ ಆ ತೋಳನ್ನು ಹಿಡಿದೇ ಇತ್ತು. ಅದನ್ನು ಬಿಡಿಸಿ ಆಚೆ ತಳ್ಳಿ, ಎರಡೂ ಕೈಯಿಂದ ಅವನ ಎದೆಯನ್ನು ಒತ್ತಿದೆ, ಒತ್ತಿದೆ. ನನ್ನ ಅಂಗೈ ಕೆಳಗೆ ಪಕ್ಕೆಲುಬುಗಳು ಲಟಲಟನೆ ಮುರಿದವು. ಅಜ್ಜ ಕಿರುಚಲಿಲ್ಲ, ಬೈಯಲಿಲ್ಲ, ಏಳಲಿಲ್ಲ.

ಅವನ ಕಂಬಕ್ಕೆ ಕಟ್ಟಿಸಿಕೊಂಡವಳು ನಾನು. ಆ ಎಡಗೈಯನ್ನು ಬೆಂಚಿಗೆ ಕಟ್ಟಿಯೇ ಹೋಗಬೇಕಿತ್ತು.