ಹಿತ್ತಾಳೆ ಹೋಲ್ಡರು, ಹುಣಸೆಹಣ್ಣು

ರಾಮಲಕ್ಷ್ಮಮ್ಮ ವೈರ್‌ಮನ್ ಮುನಿಆಂಜನಪ್ಪನನ್ನು ಮೊದಲು ಕಂಡದ್ದು ನಲವತ್ತಾರನೇ ಇಸವಿಯ ಶ್ರಾವಣದ ಒಂದು ಶುಕ್ರವಾರ, ಹಲಸೂರಿನ ತನ್ನ ಮನೆಯಲ್ಲಿ, ಸ್ಟೂಲಿನ ಮೇಲಿಂದ. ಆ ಮನೆಗೆ ಕರೆಂಟು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅತ್ತೆ ದೊಡ್ಡಮುನಿಯಮ್ಮನ ಲೆಕ್ಕದಲ್ಲಿ ಬಲ್ಬೂ ದೀಪವೇ. ಹಾಗಾಗಿ ಶುಕ್ರವಾರ ದೇವರ ದೀಪಗಳನ್ನು ಬೆಳಗುವಾಗ ಬಲ್ಬಿನ ಹಿತ್ತಾಳೆ ಹೋಲ್ಡರನ್ನೂ ಹುಣಸೆಹಣ್ಣು ಹಚ್ಚಿ ಉಜ್ಜಬೇಕು. ರಾಮಲಕ್ಷ್ಮಮ್ಮ ಸ್ವಿಚ್ ಆರಿಸಿ, ಬಲ್ಬು ಬಿಚ್ಚಿ ಮಡಿಲಿಗೆ ಹಾಕಿಕೊಂಡು, ಹೋಲ್ಡರಿನ ಬಾಯೊಳಗೂ ಒದ್ದೆ ಬೆರಳಾಡಿಸುತ್ತಿದ್ದಳು.

ದೀಪ ಮಿಣುಕುತ್ತದೆಂದು ಗಂಡ ಶ್ರೀರಾಮಪ್ಪ ವೈರ್‌ಮನ್‌ನನ್ನು ಕರೆತಂದಿದ್ದ. ಖಾಕಿ ಚಡ್ಡಿ, ಹೆಗಲಿಗೆ ತಂತಿಯ ಸುರುಳಿ, ಸುಟ್ಟು ಬೆಳ್ಳಗಾದ ಎರಡು ಬೆರಳ ತುದಿ.

“ಅಮ್ಮಾ, ಕೈ ತೆಗೀರಿ! ಕೆಳಗಿಳೀರಿ ಮೊದ್ಲು!”

“ಆರ್ಸಿದೀನಲ್ರೀ.”

“ದೀಪ ಆರಿದೆ. ಕರೆಂಟು ಆರಿದ್ಯಾ, ನೋಡೋಣ ಇರಿ.”

ಅವಳು ಇಳಿದ ಮೇಲೆ ಚೀಲದಿಂದ ಅವನು ಎರಡು ತಂತಿ ಕಟ್ಟಿದ ಬಲ್ಬು ತೆಗೆದ. ಒಂದು ತಂತಿಯನ್ನು ಅಂಗಳದ ನಲ್ಲಿಯ ಪೈಪಿಗೆ ಸುತ್ತಿ, ಇನ್ನೊಂದನ್ನು ಹೋಲ್ಡರಿನೊಳಕ್ಕೆ ಮುಟ್ಟಿಸಿದ. ಗೋಡೆಯ ಸ್ವಿಚ್ ಆರಿದ್ದಂತೆಯೇ ಅವನ ಬಲ್ಬು ಹತ್ತಿಕೊಂಡಿತು. ಹಿಂದಿನ ವೈರ್‌ಮನ್ ಕರೆಂಟು ಬರುವ ತಂತಿಯನ್ನು ನೇರ ಹೋಲ್ಡರಿಗೆ ಕೊಟ್ಟು, ವಾಪಸು ಹೋಗುವ ತಂತಿಗೆ ಸ್ವಿಚ್ ಹಾಕಿದ್ದ. ಎಷ್ಟೋ ಶುಕ್ರವಾರ ಬೆರಳು ಜುಮ್ಮೆಂದಾಗ ರಾಮಲಕ್ಷ್ಮಮ್ಮ ಹುಣಸೆಹುಳಿ ಉಗುರುಸಂದಿಗೆ ತಾಗಿತೆಂದುಕೊಂಡಿದ್ದಳು. ಈಗ ಅವಳು ತನ್ನ ಬೆರಳುಗಳನ್ನು ತಿರುಗಿಸಿ ನೋಡಿಕೊಂಡಳು.

“ಮರದ ಸ್ಟೂಲು ಕಾಪಾಡಿದೆ. ಒದ್ದೆ ನೆಲದ್ಮೇಲೆ ನಿಂತಿದ್ರೆ...” ಎನ್ನುತ್ತ ಅವನು ತನ್ನ ಬಲ್ಬಿನ ತಂತಿ ಸುತ್ತಿಟ್ಟ.

ಮುನಿಆಂಜನಪ್ಪ ಇಡೀ ಮನೆಯ ಕರೆಂಟು ಕಡಿಯುವ ಮೇನ್ ಸ್ವಿಚ್ ಇಳಿಸಿ ತಂತಿಗಳನ್ನು ಅದಲುಬದಲು ಮಾಡಿದ. ಹಿತ್ತಾಳೆಯದನ್ನು ಕಿತ್ತು, ಹೊರಮೈಗೆ ಕರೆಂಟು ಹರಿಯದ ಕರಿಯ ಹೋಲ್ಡರು ಹಾಕತೊಡಗಿದಾಗ ದೊಡ್ಡಮುನಿಯಮ್ಮ ಅಡಿಗೆಮನೆಯಿಂದ ಬಂದಳು.

“ಏನಪ್ಪಾ ಅದು? ಲಕ್ಷ್ಮಿ ಬರೋ ಹೊತ್ನಲ್ಲಿ ಆ ಕರಿ ಮೂತಿ ನೇತಾಕ್ತೀಯಾ?”

“ಅಜ್ಜೀ, ಕಾಕ್ಸ್ ಟೌನ್ ದೊರೆಗಳ ಬಂಗಲೆಗಳಲ್ಲೆಲ್ಲ ಇದೇ.”

“ದೊರೆಗಳ ಮನೇಗೆ ಯಾವ ಲಕ್ಷ್ಮಿ ಬರ್ತಾಳೋ! ಹಳೇದೇ ಹಾಕು.”

“ತಂತಿ ಸರಿಹೋಯ್ತಲ್ಲ, ಅಮ್ಮ ಹೇಳ್ದಂಗೆ ಮಾಡ್ಬಿಡಪ್ಪ,” ಎಂದ ಶ್ರೀರಾಮಪ್ಪ.

“ಒಂದು ಶುಕ್ರವಾರ ಸ್ವಿಚ್ ಆರ್ಸೋದು ಮರೆತ್ರೆ ಸ್ವಾಮಿ?”

ಮುನಿಆಂಜನಪ್ಪ ಎರಡು ಹೋಲ್ಡರನ್ನೂ ಅಂಗೈಯಲ್ಲಿಟ್ಟುಕೊಂಡು ರಾಮಲಕ್ಷ್ಮಮ್ಮನ ಕಡೆ ತಿರುಗಿದ. “ಉಜ್ಜೋರು ನೀವು. ನೀವೇ ಹೇಳಿ ತಾಯಿ.”

ಆ ಮನೆಯಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವಳು ಸೆರಗಿಗೆ ಕೈ ಒರೆಸಿಕೊಂಡಳು.

“ಕರೀದೇ ಇರ್ಲಿ. ಅತ್ತೇ, ಉಜ್ಜೋಕೆ ದೇವ್ರ ದೀಪ ಅದಾವಲ್ಲ. ನಾನು ಸತ್ರೆ ಅವನ್ನೂ ಉಜ್ಜೋರಿರಲ್ಲ.”

ದೊಡ್ಡಮುನಿಯಮ್ಮ ಸೊಸೆಯನ್ನು ದುರುಗುಟ್ಟಿ ನೋಡಿದಳು. ಆಮೇಲೆ, “ಒಂದು ಬೊಟ್ಟು ಕುಂಕುಮಾನಾದ್ರೂ ಇಡೇ ಅದಕ್ಕೆ,” ಎಂದಳು.

“ಮೇನ್ ಇಳ್ಸಿ ಇಡ್ತೀನಿ. ಹೆಂಗಿಳ್ಸೋದು, ತೋರ್ಸಪ್ಪ.”

ಅವನು ತೋರಿಸಿದ. ಅವಳು ಮೂರು ಸಲ ಇಳಿಸಿ ಏರಿಸಿದಳು. ಹೊರಡುವಾಗ ಅವನು ಹೇಳಿದ: “ಇಷ್ಟು ದಿನ ಯಜಮಾನ್ರಿಗೆ ಹೇಳಿ ಹೋಗ್ಬಿಡ್ತಿದ್ದೆ ತಾಯಿ. ದೀಪ ಮುಟ್ಟೋ ಕೈ ಬೇರೆ ಅಂತ ಹೊಳೀಲೇ ಇಲ್ಲ.”

ಈಗ ಮುನಿಆಂಜನಪ್ಪ ಹಲಸೂರಿನಲ್ಲೂ ದಂಡು ಪ್ರದೇಶದ ಬೇರೆ ಕೇರಿಗಳಲ್ಲೂ ಮನೆಗಳಿಗೆ ವೈರು ಎಳೆಯುತ್ತಾನೆ. ಕೆಲಸ ಮುಗಿದ ಮೇಲೆ ಮನೆಯ ಹೆಂಗಸರನ್ನು ಕರೆದು, ಅವರ ಕೈಯಲ್ಲೇ ಮೇನ್ ಇಳಿಸಿ ನೋಡಿಸಿ ಹೋಗುತ್ತಾನೆ.