ಕಾಯುವ ಗುಂಪಿನ ಹುಡುಗಿ

ಸಾಗರದ ನರ್ಸಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುತ್ತಲೇ ಪಿಎಚ್.ಡಿ.ಗೆ ಸೇರಿಕೊಂಡಾಗ ನನಗೆ ನಲವತ್ತು ದಾಟಿತ್ತು. ಸಕ್ಕರೆ ಕಾಯಿಲೆಯ ಮಕ್ಕಳನ್ನು ಮನೆಯವರು ಹೇಗೆ ನೋಡಿಕೊಳ್ಳುತ್ತಾರೆ ಎಂಬುದು ವಿಷಯ. ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆಯಲ್ಲ. ಮೈಯಲ್ಲಿ ಇನ್ಸುಲಿನ್ ಹುಟ್ಟದೆ, ದಿನವೂ ಚುಚ್ಚಿಕೊಂಡೇ ಬದುಕಬೇಕಾದ ಮಕ್ಕಳದು. ಥಾಯ್ಲೆಂಡಿನ ನರ್ಸ್‌ಗಳು ಇಂಥ ಮಕ್ಕಳ ಮನೆಮಂದಿಯನ್ನೆಲ್ಲ ಒಟ್ಟಿಗೆ ಕೂರಿಸಿ ಪಾಠ ಹೇಳುತ್ತಾರೆ, ನಮ್ಮ ಕಡೆಯೂ ಮಾಡಿ ನೋಡು ಎಂದು ಗೈಡ್ ಹೇಳಿದರು. ಅಜ್ಜಿ, ಅಪ್ಪ, ಅಮ್ಮ, ಮಗು ಒಂದೇ ಚಾಪೆಯ ಮೇಲೆ ಕೂತು ಕಲಿಯುವುದು ನನಗೂ ಹಿಡಿಸಿತು. ಆರು ಪಾಠಗಳನ್ನು ಕನ್ನಡಕ್ಕೆ, ಅದರಲ್ಲೂ ನಮ್ಮೂರಿನ ಅಡುಗೆಮನೆಗೆ ಒಗ್ಗುವಂತೆ ತಿದ್ದುವುದಕ್ಕೆ ಒಂದು ಮಳೆಗಾಲ ಹಿಡಿಯಿತು.

ಪಾಠದಿಂದ ಉಪಯೋಗವಾಯಿತು ಎಂದು ತೋರಿಸಬೇಕಾದರೆ ಪಾಠ ಕೇಳದವರೂ ಬೇಕು. ಚೀಟಿ ಎತ್ತಿದೆವು. ಸಾಗರ, ತೀರ್ಥಹಳ್ಳಿ ತಾಲೂಕುಗಳ ಮನೆಗಳಿಗೆ ಮೊದಲು ಪಾಠ; ಹೊಸನಗರದ ಮನೆಗಳಿಗೆ ಆರು ತಿಂಗಳು ಕಳೆದ ಮೇಲೆ. ಅಲ್ಲಿಯತನಕ ಹೊಸನಗರದವರನ್ನು ತಿಂಗಳಿಗೊಮ್ಮೆ ಕಂಡು, ಪ್ರಶ್ನೆಪಟ್ಟಿ ತುಂಬಿಸಿಕೊಂಡು ಬರುವುದಷ್ಟೇ ಕೆಲಸ. ಆ ಫೈಲಿನ ಮೇಲೆ ‘ಕಾಯುವ ಗುಂಪು’ ಎಂದು ನಾನೇ ಬರೆದಿದ್ದೆ. ಅವರಿಗೆ ಪಾಠದ ಒಂದು ಮಾತೂ ತಿಳಿಯಕೂಡದು, ತಿಳಿದರೆ ಎರಡು ವರ್ಷದ ಶ್ರಮ ಕೆಟ್ಟಂತೆ ಎಂದು ಗೈಡ್ ಮೊದಲೇ ಎಚ್ಚರಿಸಿದ್ದರು.

ಆ ಹುಡುಗಿಯ ಮನೆ ಹೊಸನಗರದಲ್ಲಿ ಬಸ್ಸಿಳಿದು ಇನ್ನೂ ಅರ್ಧ ಗಂಟೆ ನಡೆಯುವಷ್ಟು ದೂರ. ಒಂಬತ್ತನೇ ಕ್ಲಾಸು. ತೆಳ್ಳಗೆ, ಚುರುಕು. ಅಪ್ಪ ಗದ್ದೆಯ ಜೊತೆಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದರು, ಅಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಮೊದಲ ಸಲ ಹೋದಾಗ ಅಮ್ಮ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಮಾತಾಡಿದರು. ನಾಳೆ ಮದುವೆ ಮಾಡುವ ಹೆಣ್ಣು, ಕಾಯಿಲೆಯ ಸುದ್ದಿ ಅಕ್ಕಪಕ್ಕ ಹರಡಬಾರದೆಂಬ ಭಯ. ಹುಡುಗಿಗೆ ಆ ಭಯವಿರಲಿಲ್ಲ. ಹೊಟ್ಟೆಗೆ ಚುಚ್ಚಿಕೊಳ್ಳುವುದನ್ನು ನನ್ನೆದುರೇ ಮಾಡಿ ತೋರಿಸಿದಳು. ಪ್ರಶ್ನೆಪಟ್ಟಿಯಲ್ಲಿ ‘ಮನೆಯವರು ನಿನ್ನೊಂದಿಗೆ ಕೂತು ಉಣ್ಣುತ್ತಾರೆಯೇ’ ಎಂದಿತ್ತು. ಅಮ್ಮ ಎಲ್ಲರದ್ದೂ ಆದ ಮೇಲೆ ಉಣ್ಣುವುದು, ಅದಕ್ಕೆ ಹೌದು ಅಂತ ಬರೀಲಾ ಇಲ್ಲ ಅಂತ ಬರೀಲಾ ಎಂದು ಕೇಳಿ ನಕ್ಕಳು. ಆ ಮನೆಗೆ ಒಳ್ಳೆಯ ಅಂಕಗಳೇ ಬಂದವು. ನಿಜವಾಗಿಯೂ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದರು.

ನಾಲ್ಕನೇ ತಿಂಗಳ ಭೇಟಿಯ ದಿನ ಮೂರೂವರೆಯ ಬಸ್ಸು ಹಿಡಿಯುವ ಅವಸರದಲ್ಲಿದ್ದೆ. ಹುಡುಗಿ ಗೇಟಿನವರೆಗೆ ಜೊತೆಗೆ ಬಂದಳು.

“ಅಕ್ಕಾ, ಜ್ವರ ಬಂದು ಊಟ ಸೇರ್ದೆ ಹೋದ್ರೆ ಇನ್ಸುಲಿನ್ ತಗೋಬೇಕಾ, ಬೇಡ್ವಾ?”

ಅದು ನಮ್ಮ ನಾಲ್ಕನೇ ಪಾಠ. ಉಣ್ಣದಿದ್ದರೂ ಇನ್ಸುಲಿನ್ ನಿಲ್ಲಿಸಕೂಡದು, ನಿಲ್ಲಿಸಿದರೆ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಅಪಾಯ; ಎರಡು ಮೂರು ಗಂಟೆಗೊಮ್ಮೆ ಸಕ್ಕರೆ ನೋಡಬೇಕು, ವಾಂತಿ ಶುರುವಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅದರ ಚಿತ್ರದ ಹಾಳೆ ನನ್ನ ಚೀಲದಲ್ಲೇ ಇತ್ತು. ಹಿಂದಿನ ವಾರ ತೀರ್ಥಹಳ್ಳಿಯ ಒಂದು ಮನೆಯಲ್ಲಿ ಅದನ್ನೇ ಹರಡಿಕೊಂಡು ಒಂದು ಗಂಟೆ ಹೇಳಿದ್ದೆ.

“ಡಾಕ್ಟರ್ ಹತ್ರ ಹೋದಾಗ ಕೇಳು. ಇನ್ನೆರಡು ತಿಂಗಳಿಗೆ ನಾನೇ ಎಲ್ಲ ಹೇಳಿಕೊಡ್ತೀನಿ” ಎಂದೆ.

“ಆಯ್ತಕ್ಕ” ಎಂದಳು. ಬಸ್ಸಿನಲ್ಲಿ ಕೂತ ಮೇಲೆ ಗೈಡಿಗೆ ಫೋನ್ ಮಾಡಿದೆ. ಒಂದು ಮಾತು ಹೇಳಿದರೂ ಆ ಮನೆಯನ್ನು ಅಧ್ಯಯನದಿಂದ ತೆಗೆಯಬೇಕಾಗುತ್ತದೆ, ಈಗಲೇ ಮನೆಗಳು ಕಡಿಮೆ ಎಂದರು. ಹೇಳದಿದ್ದುದೇ ಸರಿ ಎಂದು ಅವರ ಬಾಯಿಂದ ಕೇಳಿಸಿಕೊಳ್ಳಲೆಂದೇ ನಾನು ಫೋನ್ ಮಾಡಿದ್ದು. ಈಗ ಗೈಡನ್ನು ದೂರಲು ನನಗೆ ಬಾಯಿಲ್ಲ.

ಮುಂದಿನ ಭೇಟಿಗೆ ಮೊದಲು, ಬರಲೇ ಎಂದು ಕೇಳಲು ಫೋನ್ ಮಾಡಿದಾಗ ಅವಳ ಅಪ್ಪ ಎತ್ತಿದರು. “ಮಗಳು ಹೋದ್ಲು ಮೇಡಂ” ಎಂದರು. ಎಲ್ಲಿಗೆ ಎಂದು ಕೇಳಿಬಿಟ್ಟೆ. ಅವರು ಫೋನ್ ಇಟ್ಟರು.

ಎರಡು ದಿನ ಬಿಟ್ಟು ಹೋದೆ. ಅಮ್ಮ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಡೆದದ್ದನ್ನು ನಾನು ಕೇಳುವ ಮೊದಲೇ ಹೇಳತೊಡಗಿದರು. ಸೋಮವಾರ ಜ್ವರ ಬಂತು. ಗಂಜಿಯೂ ಇಳಿಯಲಿಲ್ಲ. ಹೊಟ್ಟೆ ಖಾಲಿ ಇರುವಾಗ ಇನ್ಸುಲಿನ್ ಹಾಕಿದರೆ ಸಕ್ಕರೆ ಇಳಿದು ಎಚ್ಚರ ತಪ್ಪುತ್ತದೆಂದು ಹೆದರಿ ಹಾಕಲಿಲ್ಲ. ಮಂಗಳವಾರ ವಾಂತಿ. ಬುಧವಾರ ಬೆಳಿಗ್ಗೆ ಓಡಿ ಬಂದವಳ ಹಾಗೆ ಏದುಸಿರು. ಹೊಸನಗರದಿಂದ ಶಿವಮೊಗ್ಗಕ್ಕೆ ಆಂಬುಲೆನ್ಸಿನಲ್ಲಿ ಹೊರಟರು, ದಾರಿಯಲ್ಲೇ ಹೋಗಿಬಿಟ್ಟಳು.

ಆಮೇಲೆ ಅಮ್ಮ ನನ್ನ ಕೈ ಹಿಡಿದುಕೊಂಡರು. “ಮೊದ್ಲು ಕಾಯಿಲೆ ಗೊತ್ತಾದಾಗ, ಆಸ್ಪತ್ರೆಯಿಂದ ಬಿಡುಗಡೆ ಮಾಡೋವಾಗ ಡಾಕ್ಟ್ರು ಏನೇನೋ ಹೇಳಿದ್ರು, ತಲೇಲಿ ಉಳಿಲಿಲ್ಲ. ಉಣ್ಲಿಲ್ಲ ಅಂತ ಇನ್ಸುಲಿನ್ ಹಾಕ್ಲಿಲ್ಲ ನಾವು. ನೀವು ಓದಿದೋರು, ಹೇಳಿ. ಅದು ತಪ್ಪಾಯ್ತಾ?”

“ನಿಮ್ಮ ತಪ್ಪಿಲ್ಲ” ಎಂದೆ. ಅಷ್ಟು ನಿಜ. ಉಳಿದದ್ದನ್ನು ಹೇಳಲಿಲ್ಲ. ಮಗಳು ಗೇಟಿನ ಹತ್ತಿರ ನನ್ನನ್ನು ಕೇಳಿದ್ದು ಅವರಿಗೆ ಗೊತ್ತಿರಲಿಲ್ಲ. ನನಗೆ ಕಾಫಿ ಮಾಡಲೆಂದು ಎದ್ದರು. ಬೇಡ ಎಂದರೂ ಕೇಳಲಿಲ್ಲ. ಕುಡಿದು ಬಂದೆ.

ಮರುದಿನದಿಂದಲೇ ಗೈಡಿಗೂ ಹೇಳದೆ ಹೊಸನಗರದ ಉಳಿದ ಮನೆಗಳಿಗೆಲ್ಲ ಹೋಗಿ ನಾಲ್ಕನೇ ಪಾಠ ಹೇಳಿದೆ. ಅಧ್ಯಯನ ಕೆಡಲಿ ಎಂದುಕೊಂಡಿದ್ದೆ, ಕೆಡಲಿಲ್ಲ. ಗೈಡ್ ಸಿಟ್ಟಾದರು, ಆಮೇಲೆ ಅದಕ್ಕೂ ಒಂದು ವಿವರಣೆ ಬರೆಸಿದರು. ಪ್ರಬಂಧದ ಕೋಷ್ಟಕವೊಂದರಲ್ಲಿ ‘ಮಧ್ಯದಲ್ಲಿ ಹೊರಬಿದ್ದವರು’ ಎಂಬ ಸಾಲಿನ ಮುಂದೆ ಒಂದು ಎಂದು ಬರೆದೆ. ಮೌಖಿಕ ಪರೀಕ್ಷೆಯಲ್ಲಿ ಯಾರಾದರೂ ಅದರ ಬಗ್ಗೆ ಕೇಳಿಯಾರು, ಕೇಳಿದರೆ ಎಲ್ಲ ಹೇಳಿಬಿಡಬೇಕು ಎಂದು ಕಾದೆ. ಒಬ್ಬರೂ ಕೇಳಲಿಲ್ಲ. ಪಾಠ ಕಲಿತ ಮನೆಗಳ ಮಕ್ಕಳು ಎಷ್ಟೋ ಚೆನ್ನಾಗಿದ್ದಾರೆಂದು ಹೊಗಳಿದರು. ಕಾಲೇಜಿನಲ್ಲಿ ಶಾಲು ಹೊದಿಸಿದರು.

ಆ ಅಮ್ಮ ಈಗಲೂ ಆಗಾಗ ಫೋನ್ ಮಾಡುತ್ತಾರೆ. ಶಾಲೆಯಲ್ಲಿ ಯಾವ ಮಗುವಿಗೆ ಹುಷಾರಿಲ್ಲದಿದ್ದರೂ ನನ್ನನ್ನೇ ಕೇಳುವುದು. ನಮ್ಮ ಮನೆಗೆ ಅಂತ ಬಂದಿದ್ದು ನೀವೊಬ್ರೇ ಎನ್ನುತ್ತಾರೆ. ಪ್ರತಿ ಸಲವೂ, ಇವತ್ತು ಹೇಳಿಬಿಡೋಣ ಎಂದುಕೊಂಡೇ ಫೋನ್ ಎತ್ತುತ್ತೇನೆ.