ಗಡ್ಡಿಗಿ, ಗಡ್ಡಿಕಿ

ಆ ಬೆಳಿಗ್ಗೆ ಅಣ್ಣ ಏನು ಹೇಳಿ ಮನೆಯಿಂದ ಹೊರಟ ಎಂಬುದನ್ನು ನಾನು ಕೇಳಿಲ್ಲ. ಆದರೂ ನನಗೆ ಅದು ಕೇಳಿಸುತ್ತದೆ. ಅವನು ಹೊಸ್ತಿಲಿನಾಚೆ ಸೈಕಲ್ ಇಳಿಸುತ್ತಾನೆ, ಹಿಂದೆ ತಿರುಗದೆ ಒಂದು ಮಾತು ಹೇಳುತ್ತಾನೆ, ಒಳಗೆ ಅತ್ತಿಗೆಯ ಮಗ್ಗದ ಸದ್ದು ನಿಲ್ಲುವುದಿಲ್ಲ. ನಾನು ಆ ಹೊತ್ತಿಗೆ ನಾರಾಯಣಪೇಟೆಯಲ್ಲಿ, ನನ್ನ ಮನೆಯಲ್ಲಿದ್ದೆ. ಈ ಚಿತ್ರ ನಾನು ಕಂಡದ್ದಲ್ಲ, ಅವರಿವರ ಮಾತಿನಿಂದ ಕಟ್ಟಿಕೊಂಡದ್ದು. ಆದರೆ ಕಣ್ಣಾರೆ ಕಂಡದ್ದಕ್ಕಿಂತ ಇದೇ ಹೆಚ್ಚು ಸ್ಪಷ್ಟವಾಗಿದೆ. ಹಾಗಾಗಿ ಇದರ ಮೇಲೆ ನನಗೆ ನಂಬಿಕೆಯಿಲ್ಲ.

ಅಣ್ಣ ಮಕ್ತಲ್‌ನಲ್ಲಿ ಸೀರೆ ನೇಯುತ್ತಾನೆ. ಅತ್ತಿಗೆ ಗದ್ವಾಲದ ನೇಕಾರರ ಮನೆಯ ಹೆಣ್ಣು. ನಮ್ಮ ಮಾತು ಕನ್ನಡ, ಆಕೆಯದು ತೆಲುಗು. ಮದುವೆಯಾದಂದಿನಿಂದ ಅವನು ಕನ್ನಡದಲ್ಲಿ ಕೇಳುತ್ತಾನೆ, ಆಕೆ ತೆಲುಗಿನಲ್ಲಿ ಉತ್ತರ ಕೊಡುತ್ತಾಳೆ. ನಡುವೆ ಏನಾದರೂ ಬಿದ್ದುಹೋಗುತ್ತಿದೆ ಎಂದು ಇಬ್ಬರಿಗೂ ಅನ್ನಿಸಿದಂತಿರಲಿಲ್ಲ. ನನಗಂತೂ ಅನ್ನಿಸಿರಲಿಲ್ಲ.

ಅಣ್ಣನಿಗೆ ಸೈಕಲ್ ಎಂದರೆ ಮಗ್ಗದ ಗುಂಡಿಯಿಂದ ಎದ್ದು ಕಾಲು ಬಿಡಿಸಿಕೊಳ್ಳುವ ಸುಖ. ಒಮ್ಮೆ ಹೆದ್ದಾರಿಯಲ್ಲಿ ಮರಳಿನ ಟಿಪ್ಪರ್ ಹಿಂದಿನಿಂದ ಬಂದು ಅವನನ್ನು ತಗ್ಗಿಗೆ ತಳ್ಳಿತು. ಮುರಿದ ಭುಜದ ಮೂಳೆ ಕೂಡಿಕೊಂಡಿತು, ಅಷ್ಟೇ. ಆಮೇಲೆ ರಸ್ತೆಯಲ್ಲಿ ಅವನು ಹಿಂದೆ ನೋಡುತ್ತಲೇ ಪೆಡಲ್ ತುಳಿಯುತ್ತಿದ್ದ. ಹಿಂದೆ ನೋಡುತ್ತ ಹೋಗುವವನ ಸೈಕಲ್ ನೆಟ್ಟಗೆ ಹೋಗುವುದಿಲ್ಲ. ಎಲ್ಲೋ ಹಾರ್ನ್ ಕೇಳಿದರೆ ಇಳಿದುಬಿಡುತ್ತಿದ್ದ. ಕೊನೆಗೆ ಸೈಕಲ್ಲು ಎಮ್ಮೆಗೆ ಹುಲ್ಲು ತರುವುದಕ್ಕಷ್ಟೇ ಉಳಿಯಿತು: ಕಾಲುವೆ ಏರಿಯವರೆಗೆ ಹೋಗುವುದು, ಕ್ಯಾರಿಯರ್‌ಗೆ ಹೊರೆ ಕಟ್ಟಿ ನೂಕಿಕೊಂಡು ಬರುವುದು.

ನಡುಗಡ್ಡೆಗೆ ಹೋಗೋಣ ಎಂದವರು ಯಾರು? ನಾನೇ ಎಂದು ನಾನು ಹೇಳಿಕೊಂಡು ಬಂದಿದ್ದೇನೆ. ಅಣ್ಣ ತಾನೇ ಎನ್ನುತ್ತಾನೆ. ಇರಲಿ. ಕೃಷ್ಣೆಯ ನಡುವೆ ಒಂದಿಷ್ಟು ಮನೆ, ಒಂದು ಚಿಕ್ಕ ಗುಡಿ, ಮೆಣಸಿನಕಾಯಿ ಹೊಲ, ಸುತ್ತಲೂ ಗರಸು ಹಾಕಿದ ಕೆಂಪು ರಸ್ತೆ. ಸೇತುವೆ ಇಲ್ಲದ್ದರಿಂದ ಗಾಡಿಗಳಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಯಾರೋ ದಾಟಿಸಿದ ಒಂದು ಟ್ರ್ಯಾಕ್ಟರ್ ಇತ್ತು, ಅದೂ ಕೆಟ್ಟು ನಿಂತಿತ್ತು. ಅದರ ಸೀಟಿನ ಮೇಲೆ ಕೋಳಿಗಳು ಕೂರುತ್ತಿದ್ದವು. ಅಚ್ಚಿನಲ್ಲಿ ಅದು ನಡುಗಡ್ಡೆ. ನಮ್ಮ ಬಾಯಲ್ಲಿ ನಡು ಉದುರಿ, ಮನೆ ಮನಿಯಾಗುವ ಹಾಗೆ ಗಡ್ಡೆ ಗಡ್ಡಿಯಾಗುತ್ತದೆ.

ಬುಟ್ಟಿಯಂಥ ಹರಗೋಲಿನಲ್ಲಿ ಎರಡು ಸೈಕಲ್ ಮಲಗಿಸಿಕೊಂಡು ದಾಟುವಾಗ ಅಂಬಿಗ ಪ್ರತಿಸಲ ಅದೇ ಮಾತು ಆಡುತ್ತಿದ್ದ.

"ಸೈಕಲ್ ಮ್ಯಾಲ ಮನಿಷ್ಯಾ ಕೂಡಬೇಕ್ರೀ. ನೀವ್ ನೋಡಿದ್ರ ಸೈಕಲ್ಲಿಗೇ ಸವಾರಿ ಮಾಡಸಾಕ ಹತ್ತೀರಿ. ನಿಮ್ಮೂರಾಗ ರಸ್ತಾ ಇಲ್ಲೇನು?"

"ರಸ್ತಾ ಐತಿ," ಎನ್ನುತ್ತಿದ್ದ ಅಣ್ಣ. "ಅದರ ಮ್ಯಾಲ ಜಾಗ ಇಲ್ಲ."

ಗಡ್ಡಿಯಲ್ಲಿ ಮೊದಲ ಸುತ್ತು ಅವನು ಅಲ್ಲಿಯೂ ಹಿಂದೆ ನೋಡಿದ. ನೋಡುತ್ತಿದ್ದೇನೆಂಬುದೇ ಅವನಿಗೆ ಗೊತ್ತಿರಲಿಲ್ಲ. ಹಿಂದೆ ಇದ್ದವನು ನಾನೊಬ್ಬನೇ. ಟೈರಿನ ಕೆಳಗೆ ಗರಸು ನುರಿಯುವ ಸದ್ದು, ಅದರಾಚೆ ನೀರು. ಕೆಲವು ವಾರ ಕಳೆದ ಮೇಲೆ ಅವನು ಅಂಚು ಬಿಟ್ಟು ರಸ್ತೆಯ ನಡುವಿಗೆ ಬಂದ. ಇಡೀ ರಸ್ತೆ ತನ್ನದೆಂಬಂತೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹಾವಿನಂತೆ ಹೊರಳಿಸಿದ. ಎದುರಿಗೆ ಯಾರೂ ಇಲ್ಲದಿದ್ದರೂ ಗಂಟೆ ಬಾರಿಸಿದ. ಹಿಂದೆ ನೋಡುವುದನ್ನು ಯಾವ ದಿನ ನಿಲ್ಲಿಸಿದ ಎಂದು ಹೇಳಲಾರೆ. ನಿಂತ ಮೇಲೆ ನನಗೆ ಗೊತ್ತಾಯಿತು.

ಮಳೆಗಾಲ ಬಂದ ಮೇಲೆ ನಾವು ಹೋಗುವುದು ನಿಂತಿತ್ತು. ಆ ವರ್ಷ ಮಕ್ತಲ್‌ನಲ್ಲಿ ಮಳೆ ಕೈಕೊಟ್ಟಿತ್ತು, ಹೊಳೆ ಸಣ್ಣದಾಗಿಯೇ ಇತ್ತು, ಹರಗೋಲು ನಡೆಯುತ್ತಿತ್ತು; ಅದು ನನಗೆ ಗೊತ್ತಿರಲಿಲ್ಲ. ಅಣ್ಣ ಒಬ್ಬನೇ ಹೋದ. ಅವನ ಫೋನು ಮನೆಯಲ್ಲಿ ಚಾರ್ಜಿಗೆ ಇಟ್ಟಲ್ಲೇ ಇತ್ತು. ನಮ್ಮಲ್ಲಿ ಹೊಳೆ ತುಂಬುವುದಕ್ಕೆ ನಮ್ಮ ಮಳೆ ಬೇಕಾಗಿಲ್ಲ. ಮೇಲೆಲ್ಲೋ ಮಳೆಯಾಗಿ ಗೇಟು ತೆಗೆದರೆ ಸಾಕು, ಇಲ್ಲಿ ಬಿಸಿಲಿನಲ್ಲಿಯೇ ಪ್ರವಾಹ ಬರುತ್ತದೆ.

ಸಂಜೆ ಅತ್ತಿಗೆಯ ಫೋನು ಬಂತು. "ಪೊದ್ದುಗಾಲ ಗಡ್ಡಿಕಿ ಪೋಯಿಂಡು. ಇಂಕಾ ರಾಲೇದಯ್ಯಾ."

ಬೆಳಿಗ್ಗೆ ಹುಲ್ಲಿಗೆ ಹೋದವನು ಇನ್ನೂ ಬಂದಿಲ್ಲ. ತೆಲುಗಿನಲ್ಲಿ ಗಡ್ಡಿ ಎಂದರೆ ಹುಲ್ಲು. ಅಣ್ಣ ಹೇಳಿದ್ದು "ಗಡ್ಡಿಗಿ ಹೋಗಿ ಬರ್ತೀನಿ" ಎಂದು. ಮಗ್ಗದ ಸದ್ದಿನಲ್ಲಿ ಕನ್ನಡದ ಆ ಗಿ ಆಕೆಯ ಕಿವಿಯಲ್ಲಿ ತೆಲುಗಿನ ಕಿ ಆಯಿತು. ನನಗೆ ಎರಡು ಭಾಷೆಯೂ ಬರುತ್ತದೆ. ಆಕೆ ತೆಲುಗಿನಲ್ಲಿ ಹೇಳಿದ್ದರಿಂದ ನಾನು ತೆಲುಗಿನಲ್ಲಿಯೇ ಕೇಳಿಸಿಕೊಂಡೆ. ಒಂದೇ ಭಾಷೆ ಬರುವವನಾಗಿದ್ದರೆ ನೇರವಾಗಿ ಹೊಳೆಗೆ ಹೋಗುತ್ತಿದ್ದೆ.

ಮಕ್ತಲ್‌ಗೆ ಹೋದೆ. ಕಾಲುವೆ ಏರಿಯ ಉದ್ದಕ್ಕೂ ಹುಡುಕಿದೆವು. ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಕುಡುಗೋಲು ನಿಲ್ಲಿಸಿ ನಮ್ಮನ್ನು ನೋಡಿದಳು.

"ಅಷ್ಟೆತ್ತರ ಮನಿಷ್ಯಾ ಇದರಾಗ ಮುಚ್ಚಿ ಹೋಗ್ತಾನೇನ್ರೀ? ಹುಲ್ಲು ಇನ್ನಾ ಮೊಣಕಾಲಿಗೇ ಬಂದಿಲ್ಲ."

ಆಮೇಲೆ ಹೆದ್ದಾರಿಯ ಎರಡೂ ಬದಿಯ ತಗ್ಗುಗಳು. ಆಮೇಲೆ ಆಸ್ಪತ್ರೆ. ಅಲ್ಲಿ ಒಂದು ಬಟ್ಟೆ ಸರಿಸಿ ಯಾರದೋ ಮುಖ ತೋರಿಸಿದರು. ಅಲ್ಲ ಎಂದೆ. ಅತ್ತಿಗೆ ಹೊರಗೆ ಬೇವಿನ ಮರದ ಕೆಳಗೆ ಕೂತು ಟಿಪ್ಪರ್, ಟಿಪ್ಪರ್ ಎಂದು ಅನ್ನುತ್ತಿದ್ದಳು. ನಾವು ಹುಡುಕಿದ್ದು ಅವನನ್ನೋ ನಮ್ಮ ಹಳೆಯ ಹೆದರಿಕೆಯನ್ನೋ! ಹೊಳೆ ಬಂದಿದೆ ಎಂದು ಊರಲ್ಲಿ ಎಲ್ಲರೂ ಮಾತಾಡುತ್ತಿದ್ದರು. ನಾನೂ ಕೇಳಿಸಿಕೊಂಡೆ, ಯಾವುದೋ ಬೇರೆ ಸುದ್ದಿಯೆಂಬಂತೆ.

ನೀರು ಇಳಿದ ಮೇಲೆ ಅವನು ತಾನೇ ಸೈಕಲ್ ತುಳಿದುಕೊಂಡು ಮನೆಗೆ ಬಂದ. ಆಗಲೂ ನಾನಿರಲಿಲ್ಲ, ಪೊಲೀಸ್ ಠಾಣೆಯಲ್ಲಿದ್ದೆ. ಅತ್ತಿಗೆ ಹೇಳುವಂತೆ ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆಯಿತ್ತು. ಪಕ್ಕದ ಮನೆಯವರು ಹೇಳುವುದು ಬೇರೆ. ಅವನು "ಹೇಳಿ ಹೋಗಿದ್ನಲ್ಲ, ಗಡ್ಡಿಗಿ" ಎಂದನಂತೆ, ಅದಕ್ಕೆ ಅತ್ತಿಗೆ ಅಳುತ್ತಲೇ "ಗಡ್ಡಿ ಏದಿ ಮರಿ?" ಎಂದಳಂತೆ: ಹಾಗಾದರೆ ಹುಲ್ಲೆಲ್ಲಿ? ಎರಡೂ ನಿಜವಾಗಿರಲಾರವು. ಹೊರೆಯಿದ್ದರೆ ಆಕೆ ಹಾಗೆ ಕೇಳುತ್ತಿರಲಿಲ್ಲ. ಎರಡೂ ಕತೆಗೆ ಹೇಳಿ ಮಾಡಿಸಿದಂತಿವೆ. ನಾನು ಎರಡನ್ನೂ ಬಿಡುತ್ತೇನೆ.

ನಾನು ಬರುವ ಹೊತ್ತಿಗೆ ಅವನು ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಅಲ್ಲಿ ಅನ್ನಕ್ಕೆ ತೊಂದರೆಯಿರಲಿಲ್ಲ, ಗುಡಿಯಲ್ಲಿ ಮಲಗಿದ್ದೆ ಎಂದ. ಕರೆಂಟ್ ಹೋಗಿ ಯಾರ ಫೋನೂ ನಡೆಯುತ್ತಿರಲಿಲ್ಲವಂತೆ.

"ಎಲ್ಲಾರ ಮಂದಿ ಬಂದಿದ್ರು," ಎಂದ. "ಈ ದಂಡಿಗಿ ನಿಂತು ಧೋತರ ಬೀಸೋರು, ಸೀರಿ ಬೀಸೋರು. ಗಡ್ಡ್ಯಾಗಿನವರು ಆ ಕಡಿಂದ ಟವಲ್ ಬೀಸೋರು. ಬದುಕೀವಿ, ಬದುಕೀವಿ ಅಂತ. ಮಾತು ಎಲ್ಲಿ ಕೇಳಬೇಕು, ನೀರಿನ ಸಪ್ಪಳದಾಗ."

"ನೀನು?"

"ನಾನೂ ಟವಲ್ ಹಿಡಕೊಂಡು ನಿಂತಿದ್ದೆ." ಚಹಾದ ಲೋಟ ಕೆಳಗಿಟ್ಟ. "ಒಂದಿನ ನಿಮ್ಮ ಅತ್ತಿಗಿ ಸೀರಿ ಕಂಡಂಗಾತು. ಅರಿಶಿಣ ಮೈ, ಕೆಂಪು ಅಂಚು. ಬೀಸಿದೆ ನೋಡು, ರಟ್ಟಿ ಬಿದ್ದು ಹೋಗಂಗ ಬೀಸಿದೆ. ಬಾಜೂಕ ನಿಂತಾಂವ ಅಂದ, 'ಅಣ್ಣಾರ, ಆಕಿ ನಮ್ಮಾಕಿ ರೀ. ನೀವ್ಯಾಕ ಬೀಸ್ತೀರಿ?'"

ಅಂಗಳದಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಗದ್ವಾಲದ ಆ ಬಣ್ಣದ ಸೀರೆ ಹೊಳೆಯ ಈಚೆಗೆ ಎಷ್ಟು ಜನರ ಮೈಮೇಲಿದೆಯೋ. ಅತ್ತಿಗೆ ಎದ್ದು ಒಳಗೆ ಹೋದಳು.

"ಎಲ್ಲೆಲ್ಲಿ ಹುಡುಕಿದ್ರಿ?" ಎಂದು ಕೇಳಿದ. ಕಾಲುವೆ ಎಂದೆ, ಹೆದ್ದಾರಿ ಎಂದೆ, ಆಸ್ಪತ್ರೆ ಎಂದೆ. ಅವನು ತಲೆಯಾಡಿಸುತ್ತಿದ್ದ.

"ಹೊಳಿ ದಂಡಿಗಿ?"

ನಾನು ಗಿ ಮತ್ತು ಕಿಯ ವಿಷಯ ಹೇಳಿದೆ. ಅರ್ಥವಾಯಿತು. ಅರ್ಥವಾಗದೇ ಏನು, ಅವನಿಗೂ ಎರಡು ಭಾಷೆ ಬರುತ್ತದೆ. ಆದರೆ ಅರ್ಥವಾದದ್ದು ಅವನೊಳಗೆ ಎಲ್ಲಿಯವರೆಗೆ ಇಳಿಯಿತು ಎಂಬುದು ನನಗೆ ತಿಳಿಯಲಿಲ್ಲ. ದಿನವೂ ಆ ದಂಡೆಯಲ್ಲಿ ನಿಂತು ಅವನು ಕಂಡದ್ದು ನಾವು ಬಂದಿಲ್ಲ ಎಂಬುದನ್ನು. ನಾವು ಹುಡುಕಿದ್ದು ಅವನಿಗೆ ಬರಿ ಮಾತು.

ಈಗ ಮನೆಗೆ ಬಂದವರಿಗೆ ಅವನೇ ಈ ಕತೆ ಹೇಳಿ ನಗಿಸುತ್ತಾನೆ. "ಎಮ್ಮಿ ಹುಲ್ಲು ನನ್ನ ಮುಳುಗಸ್ತು," ಎನ್ನುತ್ತಾನೆ. ಸೈಕಲ್ಲು ಕೊಟ್ಟಿಗೆಯಲ್ಲಿದೆ, ಅದರ ಮೇಲೆ ಗೋಣಿಚೀಲ ಒಣಗುತ್ತದೆ. ಹುಲ್ಲನ್ನು ಯಾರೋ ತಂದು ಹಾಕುತ್ತಾರೆ. ಮನೆಯಿಂದ ಹೊರಡುವಾಗ ಅವನು ಎಲ್ಲಿಗೆಂದು ಹೇಳುವುದಿಲ್ಲ. ಅತ್ತಿಗೆ ಮಗ್ಗ ನಿಲ್ಲಿಸಿ, "ಎಕ್ಕಡಿಕಿ?" ಎಂದು ಕೇಳುತ್ತಾಳೆ. ಅವನು ಕೈ ಎತ್ತಿ ಒಂದು ದಿಕ್ಕು ತೋರಿಸುತ್ತಾನೆ. ಆಕೆ ಬಾಗಿಲಿಗೆ ಬಂದು ಅವನು ಆ ದಿಕ್ಕಿಗೇ ಹೋಗುತ್ತಿದ್ದಾನೆಯೇ ಎಂದು ನೋಡುತ್ತಾಳೆ.

ಬೇಸಿಗೆಯಲ್ಲಿ ನಾನೊಬ್ಬನೇ ಸೈಕಲ್ ಹಾಕಿಕೊಂಡು ದಾಟಿದೆ. ಅಂಬಿಗ ಈ ಸಲ ತಮಾಷೆ ಮಾಡಲಿಲ್ಲ. "ಅಣ್ಣಾರು ಬರಲಿಲ್ಲೇನ್ರೀ?" ಎಂದ, ಅಷ್ಟೇ. ರಸ್ತೆಯ ಗರಸು ಅಲ್ಲಲ್ಲಿ ಕೊಚ್ಚಿಹೋಗಿ ಚಕ್ರ ಮಣ್ಣಿನಲ್ಲಿ ಹೂಳುತ್ತಿತ್ತು. ಟ್ರ್ಯಾಕ್ಟರ್ ಅಡ್ಡ ಬಿದ್ದಿತ್ತು. ಒಂದೇ ಸುತ್ತು ಹಾಕಿದೆ. ನಡುರಸ್ತೆಯಲ್ಲಿ ಹೋಗಲು ನೋಡಿದೆ. ನನಗೆ ತಿಳಿಯದಂತೆಯೇ ಅಂಚಿಗೆ ಸರಿದಿದ್ದೆ. ಆಮೇಲೆ ಅವನು ನಿಂತಿದ್ದ ದಂಡೆಗೆ ಹೋಗಿ ನಿಂತೆ. ಅದೇ ಜಾಗವೋ ಅಲ್ಲವೋ. ಎದುರಿಗೆ, ಊರ ಕಡೆಯ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಮುಖ ಕಾಣಲಿಲ್ಲ. ಬಂಡೆಯ ಮೇಲೆ ಒಣಹಾಕಿದ ಸೀರೆ ಹಸಿರು ಎಂದು ಗೊತ್ತಾಗುತ್ತಿತ್ತು.

ವಾಪಸು ಬರುವಾಗ ಮಕ್ತಲ್‌ನಲ್ಲಿ ಅವನ ಮನೆಗೆ ಹೋದೆ. ಅವನು ಮಗ್ಗದಲ್ಲಿ ಕೂತಿದ್ದ. ನನ್ನ ಟೈರಿಗೆ ಮೆತ್ತಿದ್ದ ಕೆಂಪು ಮಣ್ಣನ್ನು ನೋಡಿದ. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ.

"ಅಲ್ಲಿಂದ ಈ ದಂಡಿ ಕಾಣ್ತದೇನು?" ಎಂದ.

"ಕಾಣ್ತದ."

"ಹ್ಞಾಂ," ಎಂದು ಲಾಳಿ ಎಳೆದ.